ಬರೀ ‘ನೋವಿದೆ’ ಅಂದರೆ ಕೋಡ್ ಹುಟ್ಟುವುದಿಲ್ಲ

ಅಮೆರಿಕದಲ್ಲಿ ಕೇಸ್‌ಶೀಟಿನಲ್ಲಿ ‘ಆಪರೇಷನ್ ನಂತರ ನೋವಿದೆ’ ಎಂದಷ್ಟೇ ಇದ್ದರೆ ಕೋಡರ್, ಅಂದರೆ ಬಿಲ್ಲಿಗಾಗಿ ಕಾಯಿಲೆಯನ್ನು ಕೋಡಾಗಿ ಬರೆಯುವವರು, ತಕ್ಷಣ ಜಿ89.18 (ಆಪರೇಷನ್ ನಂತರದ ಹೊಸ ನೋವಿನ ಕೋಡ್) ಹಾಕುವಂತಿಲ್ಲ. ಕೊಯ್ದ ಜಾಗ ನೋಯುವುದು ಸಹಜ, ಅದಕ್ಕೆ ಬೇರೆ ಕೋಡ್ ಇಲ್ಲ. ಮಾಮೂಲಿಗಿಂತ ಹೆಚ್ಚಿದೆ ಎಂದು ಡಾಕ್ಟರೇ ಬರೆದಿರಬೇಕು. ಈ ನಿಯಮ ನನಗೆ ಸರಿಯೆನಿಸುತ್ತದೆ.

ಎಡವಟ್ಟಾಗುವುದು ಮುಂದಿನ ಹೆಜ್ಜೆಯಲ್ಲಿ. ನೋವು ಹೊಸದೋ ದೀರ್ಘಕಾಲದ್ದೋ ಎಂದು ಬರೆಯದಿದ್ದರೆ ಅಮೆರಿಕದ ಕಾಯಿಲೆ ಕೋಡುಗಳ ಪಟ್ಟಿಯಾದ ಐಸಿಡಿ-10-ಸಿಎಂ ಅದನ್ನು ಹೊಸದೆಂದೇ ಹಿಡಿಯುತ್ತದೆ. ಹರ್ನಿಯಾ ಆಪರೇಷನ್ ಆಗಿ ಎಂಟು ತಿಂಗಳಾದರೂ ತೊಡೆಸಂದು ನೋಯುವವನಿಗೆ ದೀರ್ಘಕಾಲದ ನೋವಿನ ಜಿ89.28 ಸಿಗಬೇಕಿತ್ತು, ಒಂದು ಪದ ಬಿಟ್ಟುಹೋದದ್ದಕ್ಕೆ ಜಿ89.18 ಬೀಳುತ್ತದೆ. ಎಷ್ಟು ದಿನ ದಾಟಿದರೆ ದೀರ್ಘಕಾಲದ್ದು ಎಂದು ಆ ನಿಯಮಾವಳಿ ಹೇಳುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿ ಐಸಿಡಿ-11 ಮೂರು ತಿಂಗಳ ಗೆರೆ ಎಳೆದಿದೆ, ಅದೇ ವಾಸಿ.

ಮೂಳೆಗೆ ಹಾಕಿದ ಪ್ಲೇಟೇ ಚುಚ್ಚಿ ನೋಯುತ್ತಿದ್ದರೆ ಮೊದಲು ಬರುವುದು ತೊಡಕಿನ ಕೋಡ್: ಟಿ84.84ಎಕ್ಸ್‌ಎ. ನೋವಿನ ಕೋಡ್ ಅದರ ಹಿಂದೆ. ಕೊನೆಯ ‘ಎ’ ಎಂದರೆ ಮೊದಲ ಭೇಟಿ ಎಂದುಕೊಳ್ಳುವವರೇ ಹೆಚ್ಚು. ಅಲ್ಲ, ಚಿಕಿತ್ಸೆ ಇನ್ನೂ ನಡೆಯುತ್ತಿದೆ ಎಂದರ್ಥ. ಪ್ಲೇಟು ತೆಗೆದು, ಗಾಯ ಮಾಯುವಾಗಿನ ತಪಾಸಣೆಗೆ ‘ಡಿ’.

ನಮ್ಮ ದೇಶದಲ್ಲಿ ಈ ತಲೆನೋವಿಲ್ಲ. ಆಯುಷ್ಮಾನ್ ಯೋಜನೆಯಲ್ಲಿ ಆಪರೇಷನ್ನಿಗೆ ಇಷ್ಟೇ ಎಂಬ ನಿಗದಿತ ಮೊತ್ತದ ಪ್ಯಾಕೇಜು. ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧಿಯೂ ಅದರಲ್ಲೇ. ನೋವಿನ ವಿವರ ಬರೆದರೂ ಬಿಲ್ಲು ಬದಲಾಗುವುದಿಲ್ಲ, ಹಾಗಾಗಿ ಯಾರೂ ಬರೆಯುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ‘ನೋವಿದ್ದರೆ ಪ್ಯಾರಸಿಟಮಾಲ್’ ಎಂದಿದ್ದರೆ ಅಲ್ಲಿಗೆ ಮುಗಿಯಿತು. ಆರು ತಿಂಗಳ ಮೇಲೆ ಅದೇ ರೋಗಿ ಬೇರೆ ಡಾಕ್ಟರ ಮುಂದೆ ಕೂತಾಗ, ಈ ನೋವು ಆಪರೇಷನ್ನಿಂದ ಬಂದದ್ದೋ ಮೊದಲೇ ಇದ್ದದ್ದೋ ಎಂಬ ಸುಳಿವೇ ಇರುವುದಿಲ್ಲ. ವಿಚಿತ್ರವೆಂದರೆ ಅಮೆರಿಕದ ಆಸ್ಪತ್ರೆಗಳ ಇದೇ ಕೋಡುಗಳನ್ನು ಹಾಕಿ ಸಂಬಳ ಎಣಿಸುವವರು ಬೆಂಗಳೂರಿನಲ್ಲೇ ಬೇಕಾದಷ್ಟಿದ್ದಾರೆ.

ಅಮೆರಿಕದ ಕೋಡ್ ಪುಸ್ತಕ ನಮಗೆ ಬೇಡ, ಅದು ವಿಮೆಯವರ ಜಗಳಕ್ಕೆ ಬೆಳೆದ ಕಾಡು. ಬರೆಯುವ ಶಿಸ್ತು ಮಾತ್ರ ಬೇಕು, ಎರಡು ಸಾಲು ಸಾಕು: ‘ಬಲ ತೊಡೆಸಂದು, ಹರ್ನಿಯಾ ಆಪರೇಷನ್ ಆಗಿ 4 ತಿಂಗಳು, ಮೊದಲು ಇರಲಿಲ್ಲ. ಉರಿ ನೋವು, ನಡೆದರೆ 10ಕ್ಕೆ 6, ಸೋಂಕಿಲ್ಲ, ಮಾತ್ರೆಗೆ ಬಗ್ಗುತ್ತಿಲ್ಲ.’