ಇನ್ನೊಂಚೂರು ಹಾಕಿ ಅಳಿಯಂದ್ರೇ

ಎಸಿ ಪೈಪಿಗೆ ಗೋಡೆ ಕೊರೆಯುವವರು ಪೈಪಿಗೆ ಬೇಕಾದ್ದಕ್ಕಿಂತ ದೊಡ್ಡ ತೂತನ್ನೇ ಕೊರೆಯುತ್ತಾರೆ. ಉಳಿದ ಜಾಗ ಹಲ್ಲಿಗಳ ಪಾಲು. ನಮ್ಮ ಮನೆಯ ತೂತನ್ನು ಮುಚ್ಚುವ ಹೊಣೆಯನ್ನು ಭಾವನವರು ತಾವಾಗಿಯೇ ಹೊತ್ತುಕೊಂಡರು. ಹಾರ್ಡ್‌ವೇರ್ ಅಂಗಡಿಯಿಂದ, ಸಂದಿಯೊಳಗೆ ನೊರೆಯಂತೆ ಉಬ್ಬಿ ಗಟ್ಟಿಯಾಗುವ ಪಿಯು (ಪಾಲಿಯುರೆಥೇನ್) ಫೋಮಿನ 750 ಎಂಎಲ್ ಡಬ್ಬಿಯೂ ಅದನ್ನು ಚಿಮ್ಮಿಸುವ ಗನ್ನೂ ಬಂದವು. ಡಬ್ಬಿಯೊಳಗಿನ ಗ್ಯಾಸಿಗೆ ಬೆಂಕಿ ಹತ್ತಬಹುದು ಅಂತ ಓದಿ, ನಾನು ಅಡುಗೆಮನೆಯ ಒಲೆ ಆರಿಸಿ ಕಿಟಕಿ ತೆರೆದೆ. ಆ ದಿನ ನಾನು ಮಾಡಿದ ಕೆಲಸ ಅಷ್ಟೇ.

ಡಬ್ಬಿಯನ್ನು ಅರ್ಧ ನಿಮಿಷ ರಟ್ಟೆ ನೋಯುವಷ್ಟು ಕುಲುಕಬೇಕು. ಭಾವನವರು ಮಂಗಳಾರತಿಗೆ ಗಂಟೆ ಅಲ್ಲಾಡಿಸಿದ ಹಾಗೆ ಕುಲುಕಿ, ಸಾಕು ಅಂದರು. ಗನ್ ಮೇಲೆ ಡಬ್ಬಿ ತಲೆಕೆಳಗಾಗಿ ಕೂರಬೇಕು, ಇಲ್ಲದಿದ್ದರೆ ಗ್ಯಾಸೇ ಮೊದಲು ಖಾಲಿಯಾಗುತ್ತದೆ. "ಚೆಲ್ಲಲ್ವಾ?" ಅಂತ ಅವರಿಗೆ ಅನುಮಾನ.

ಈ ಫೋಮ್ ಗಟ್ಟಿಯಾಗುವುದು ತೇವದಿಂದ. ಅದಕ್ಕೇ ಮೊದಲು ಸಂದಿಗೆ ಒಂಚೂರು ನೀರು ಚಿಮುಕಿಸುತ್ತಾರೆ. ಅಕ್ಕ ಒಂದು ಚೊಂಬು ನೀರು ಎರಚಿದಳು. ಇನ್ನು ಸಮವಾಗಿ ಬರಬೇಕೆಂದರೆ ಗನ್ನಿನ ಹಿಂದಿರುವ ತಿರುಪನ್ನು ಬಿಗಿ ಮಾಡಿ ಫೋಮ್ ಸಣ್ಣಗೆ ಬರುವ ಹಾಗೆ ಮಾಡಿಕೊಳ್ಳಬೇಕು. ಮೂತಿಯನ್ನು ಸಂದಿಯ ಒಳಕ್ಕೆ ಇಟ್ಟು, ಕೆಳಗಿನಿಂದ ಮೇಲಕ್ಕೆ, ಕೈ ನಡುಗದಂತೆ ಒಂದೇ ವೇಗದಲ್ಲಿ ಎಳೆಯಬೇಕು. ಅರ್ಧ ತುಂಬಿದೊಡನೆ ನಿಲ್ಲಿಸಬೇಕು. ಉಳಿದರ್ಧ ಅದೇ ಉಬ್ಬಿಕೊಂಡು ತುಂಬುತ್ತದೆ.

ಭಾವನವರು ನಿಲ್ಲಿಸಿದರು ಕೂಡ. ಆ ಮಟ್ಟಿಗೆ ಅವರ ಕೈ ಚೆನ್ನಾಗಿಯೇ ಓಡಿತ್ತು. ಆದರೆ ಹಿಂದೆ ಅಮ್ಮ ನಿಂತಿದ್ದರು. ಊಟಕ್ಕೆ ಕೂತವರ ಎಲೆಯಲ್ಲಿ ಖಾಲಿ ಜಾಗ ಕಂಡರೆ ಸಹಿಸದ ಹೆಂಗಸು ಅವರು.

"ಇನ್ನೊಂಚೂರು ಹಾಕಿ ಅಳಿಯಂದ್ರೇ, ಅಲ್ಲಿ ಇನ್ನೂ ತೂತು ಕಾಣ್ತಿದೆ."

ಅತ್ತೆಯ ಮಾತು. ಹಾಕಿದರು. ಇನ್ನೊಂದು ಬದಿಗೂ ಹಾಕಿದರು.

ಐದು ನಿಮಿಷದಲ್ಲಿ ಗೋಡೆಗೆ ಹೊಟ್ಟೆ ಬಂತು. ಆಮೇಲೆ ಅದು ನಿಧಾನವಾಗಿ ಜೋತುಬಿದ್ದು ಸೋಫಾದ ಕಡೆಗೆ ಹೊರಟಿತು. "ಅಯ್ಯೋ, ಒರೆಸ್ರೀ!" ಅಂತ ಅಕ್ಕ ಒದ್ದೆ ಬಟ್ಟೆ ತಂದಳು. ತೇವ ಸಿಕ್ಕಿದ ಖುಷಿಗೆ ಅದು ಇನ್ನೂ ಬೇಗ ಗಟ್ಟಿಯಾಯಿತು, ಬಟ್ಟೆ ಸಮೇತ. ಬಟ್ಟೆ ಬಿಡಿಸಲು ಹೋದ ಭಾವನವರ ನಾಲ್ಕು ಬೆರಳು ಒಂದಾದವು. ಗ್ಲೌಸ್ ಡಬ್ಬಿಯ ಜೊತೆಗೇ ಬಂದಿತ್ತು, ಕವರ್ ಕೂಡ ಒಡೆಯದೆ ಟೀಪಾಯಿ ಮೇಲೆ ಕೂತಿತ್ತು.

ಹಸಿ ಇರುವಾಗ ಅಸಿಟೋನ್ ಹಾಕಿದರೆ ಫೋಮ್ ಬಿಡುತ್ತದೆ. ಒಣಗಿದ ಮೇಲೆ ಕೆರೆಯುವುದೊಂದೇ ದಾರಿ. ಅಕ್ಕನ ನೇಲ್ ಪಾಲಿಶ್ ತೆಗೆಯುವ ಶೀಶೆ ಸಿಗುವಷ್ಟರಲ್ಲಿ ಬೆರಳು ಒಣಗಿತ್ತು.

ಗೋಡೆಯ ಹೊಟ್ಟೆಯನ್ನು ಮರುದಿನ ಬ್ಲೇಡಿನಿಂದ ಸಪಾಟಾಗಿ ಕೊಯ್ದು ಪುಟ್ಟಿ ಹಚ್ಚಿದೆವು. ಬಿಸಿಲು ಬಿದ್ದರೆ ಫೋಮ್ ಹಳದಿಯಾಗಿ ಉದುರುತ್ತದೆ ಅಂತ ಹೊರಗಡೆ ಬಣ್ಣವನ್ನೂ ಬಳಿದೆವು. ಬೆರಳಿಗೆ ಅಂಥ ಉಪಾಯ ಇರಲಿಲ್ಲ. ಆ ವಾರವೇ ನೆಂಟರ ಮನೆಯಲ್ಲಿ ನಿಶ್ಚಿತಾರ್ಥ. ಭಾವನವರು ಊಟ ಮುಗಿಯುವವರೆಗೂ ಚಮಚ ಕೇಳಿ ತಿಂದರು. ಯಾರೋ ಹಿರಿಯರು, "ಪಾಪ, ಸುಟ್ಟುಕೊಂಡ್ರಾ?" ಅಂತ ವಿಚಾರಿಸಿದರು. ಭಾವನವರು ಬಾಯಿ ತೆರೆಯುವ ಮೊದಲೇ ಅಮ್ಮ, "ಹೂಂ, ನಾನು ಸಾಕು ಸಾಕು ಅಂತ ಹೇಳ್ತಾನೇ ಇದ್ದೆ" ಅಂದರು.