ಖಾಲಿ ಹಾಳೆ ಹಿಡಿದವರು

ಹಾಂಗ್‌ಕಾಂಗ್‌ನ ವಿಕ್ಟೋರಿಯಾ ಪಾರ್ಕಿನಲ್ಲಿ ಜೂನ್ 4ರ ಸಂಜೆ ಎಲ್ಲಿ ನೋಡಿದರೂ ಮೇಣದಬತ್ತಿ. 1989ರಲ್ಲಿ ಬೀಜಿಂಗ್‌ನಲ್ಲಿ ಸೈನ್ಯದ ಗುಂಡಿಗೆ ಬಲಿಯಾದವರ ನೆನಪಿಗೆ ಪ್ರತಿ ವರ್ಷ ಹಚ್ಚುತ್ತಿದ್ದರು. ನಾನಿಲ್ಲಿಗೆ ಬಂದ ಹೊಸದರಲ್ಲಿ ಆಫೀಸಿನ ಗೆಳತಿಯೊಬ್ಬರು ಕರೆದುಕೊಂಡು ಹೋಗಿದ್ದರು. ಪಕ್ಕದಲ್ಲಿ ಕೂತಿದ್ದ ಅಜ್ಜಿ ತಮ್ಮ ಬತ್ತಿಯಿಂದ ನನ್ನದನ್ನೂ ಹಚ್ಚಿಕೊಟ್ಟರು.

2020ರಲ್ಲಿ ಕೊರೊನಾ ಕಾರಣ ಹೇಳಿ ಅದನ್ನು ತಡೆದರು. ಈಗ ಆ ದಿನಗಳಲ್ಲಿ ಅಲ್ಲಿ ತಿಂಡಿ ಮಳಿಗೆಗಳ ಮೇಳ ನಡೆಯುತ್ತದೆ. ಗೆಳತಿ ಆ ತಾರೀಖಿನ ಮಾತನ್ನೇ ಎತ್ತುವುದಿಲ್ಲ. ಬೇಡ ಅಂತ ಅವರಿಗೆ ಯಾರೂ ಹೇಳಿಲ್ಲ. ನನಗೆ ಜಾಸ್ತಿ ನೋವಾಗುವುದು ಅದಕ್ಕೇ.

ಅದೇ 2020ರ ಜೂನ್ 30ಕ್ಕೆ ರಾಷ್ಟ್ರೀಯ ಭದ್ರತಾ ಕಾನೂನು ಬಂತು. 2019ರಲ್ಲಿ ಇಲ್ಲಿ ನಡೆದ ಪ್ರಜಾಪ್ರಭುತ್ವ ಚಳವಳಿಯ ಮುಖ್ಯ ಘೋಷಣೆಯೇ ಅಪರಾಧ ಎಂದಾಗ ಜನ ಏನೂ ಬರೆಯದ ಬಿಳಿ ಹಾಳೆ ಹಿಡಿದು ನಿಂತರು. ಅವರಲ್ಲೂ ಕೆಲವರನ್ನು ಪೊಲೀಸರು ಹಿಡಿದರು.

ನನಗೆ ನಮ್ಮ 1975 ನೆನಪಾಯಿತು. ತುರ್ತು ಪರಿಸ್ಥಿತಿ ಹೇರಿದ ಆ ಜೂನ್‌ನಲ್ಲೇ ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತ್ತು. ಆಮೇಲೆ ಸೆನ್ಸಾರಿನವರು ಹಾಗೆ ಖಾಲಿ ಬಿಡುವುದೂ ಕೂಡದು ಎಂದರು. ಬರೆಯದೇ ಬಿಟ್ಟಿದ್ದನ್ನೂ ಜನ ಓದಿಕೊಳ್ಳುತ್ತಾರೆ, ಅದೇ ಅವರಿಗಿದ್ದ ಭಯ ಅಲ್ವಾ?

ಆಗ ರೈಲು ಸಮಯಕ್ಕೆ ಸರಿಯಾಗಿ ಬರುತ್ತಿತ್ತು ಎಂದು ನಮ್ಮವರು ಕೆಲವರು ಇಂದಿಗೂ ಹೇಳುತ್ತಾರೆ. ಕೇಳಿದರೆ ಸಂಕಟವಾಗುತ್ತದೆ. ನಟಿ ಸ್ನೇಹಲತಾ ರೆಡ್ಡಿಯವರನ್ನು ಆಸ್ತಮಾ ಇದ್ದರೂ ತಿಂಗಳುಗಟ್ಟಲೆ ಬೆಂಗಳೂರಿನ ಜೈಲಿನಲ್ಲಿಟ್ಟರು. ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಇನ್ನು ಸಮಯದ ಮಾತು. ಜನ ಬೀದಿಯಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದ ಕಾಲದಲ್ಲೂ ಇಲ್ಲಿನ ಮೆಟ್ರೊ ಸಮಯಕ್ಕೇ ಬರುತ್ತಿತ್ತು. ಮಾತು ನಿಲ್ಲಿಸಿದ್ದಕ್ಕೆ ಒಂದು ರೈಲೂ ಬೇಗ ಬಂದಿಲ್ಲ.

ನಮಗೂ ಇವರಿಗೂ ದೊಡ್ಡ ವ್ಯತ್ಯಾಸ ಇರುವುದು ಆಮೇಲಿನ ಕಥೆಯಲ್ಲಿ. 1977ರ ಮಾರ್ಚ್‌ನಲ್ಲಿ ನಮಗೆ ಮತ ಹಾಕುವ ಅವಕಾಶ ಸಿಕ್ಕಿತು. ಇಂದಿರಾ ಗಾಂಧಿಯವರೇ ರಾಯ್‌ಬರೇಲಿಯಲ್ಲಿ ಸೋತರು. ಇಲ್ಲಿ 2021ರಲ್ಲಿ ಚುನಾವಣೆಯ ನಿಯಮವನ್ನೇ ಬದಲಿಸಿದರು. ಮೊದಲು ಶಾಸನಸಭೆಯ 70 ಸ್ಥಾನಗಳಲ್ಲಿ 35ಕ್ಕೆ ಕ್ಷೇತ್ರದ ಜನ ನೇರವಾಗಿ ಆರಿಸುತ್ತಿದ್ದರು. ಈಗ 90ರಲ್ಲಿ 20 ಮಾತ್ರ. ನಿಲ್ಲುವವರೂ 'ದೇಶಭಕ್ತರು' ಎಂದು ಸಮಿತಿಯಿಂದ ಒಪ್ಪಿಗೆ ಪಡೆಯಬೇಕು.

ಆ ಡಿಸೆಂಬರ್‌ನಲ್ಲಿ ಮತ ಹಾಕಿದವರು ಶೇಕಡಾ 30ರಷ್ಟು ಜನ. ಗೆಳತಿ ಅಂದು ದಿನವಿಡೀ ಮನೆಯಲ್ಲೇ ಇದ್ದರು.