ಅತ್ತಿಗೆ ತಂದ ಗಿಡ

ನಿನ್ನೆ ಮನೆಗೆ ಮತ್ತೊಂದು ಕುಂಡ ಬಂತು. ಅತ್ತಿಗೆ ತಂದದ್ದು. ಅಗಲ ಎಲೆ, ಎಲೆ ತುಂಬ ಬಿಳಿ ಮಚ್ಚೆ. ಡೈಫೆನ್‌ಬಾಕಿಯಾ. ನನ್ನ ಮುಖ ಸಪ್ಪಗಾಯಿತು, ಗುಂಡನ ಬಾಲ ಜೋರಾಗಿ ಆಡಿತು.

ನಾಯಿ ಸಾಕಿದವರಿಗೆ ಈ ಸಂಕಟ ಗೊತ್ತೇ ಇರುತ್ತದೆ. ಹೊರಗೆ ಬೇಕಾದಷ್ಟು ಹುಲ್ಲಿದ್ದರೂ ಅವಕ್ಕೆ ಮನೆಯೊಳಗಿನ ಎಲೆಯೇ ಬೇಕು. ಅದರಲ್ಲೂ ತಿನ್ನಬಾರದ ಎಲೆ. ಮನಿ ಪ್ಲಾಂಟ್, ಫಿಲೋಡೆಂಡ್ರನ್, ಪೀಸ್ ಲಿಲಿ, ಈ ಡೈಫೆನ್‌ಬಾಕಿಯಾ, ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅಗಿದ ತಕ್ಷಣ ನಾಲಿಗೆಗೆ ಚುಚ್ಚುತ್ತವೆ. ಬಾಯಿ ಉರಿ, ಜೊಲ್ಲು, ವಾಂತಿ. ಜೀವಕ್ಕೆ ಅಪಾಯ ಆಗುವುದು ಕಡಿಮೆ, ನಿಜ. ಆದರೆ ಅರ್ಧರಾತ್ರಿ ಡಾಕ್ಟರು ‘ಎಷ್ಟು ತಿಂದಿದೆ?’ ಎಂದು ಕೇಳಿದಾಗ ಟಾರ್ಚ್ ಹಿಡಿದು ಉಳಿದ ಎಲೆ ಎಣಿಸುವವರು ನಾವು ತಾನೆ?

ಇದನ್ನೆಲ್ಲ ಅತ್ತಿಗೆಗೆ ವಿವರಿಸಿದೆ.

“ಸುಮ್ನಿರಪ್ಪ, ನಮ್ಮನೇಲಿ ವರ್ಷಗಟ್ಟಲೆಯಿಂದ ಇದೆ. ಯಾರಿಗೂ ಏನೂ ಆಗಿಲ್ಲ.”

“ನಿಮ್ಮನೇಲಿ ನಾಯಿ ಇಲ್ವಲ್ಲ ಅತ್ತಿಗೆ.”

“ನಾಯಿ ಇಲ್ದಿದ್ರೇನು, ನಿಮ್ಮಣ್ಣ ಇದ್ದಾರಲ್ಲ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ತಾರೆ.”

ಅತ್ತಿಗೆಯ ಹತ್ತಿರ ಎಲ್ಲಕ್ಕೂ ಉತ್ತರ ಇದೆ. ಮನಿ ಪ್ಲಾಂಟ್ ಬೇಡ ಎಂದಾಗ ‘ಎತ್ತರದಲ್ಲಿ ನೇತುಹಾಕು’ ಎಂದರು. ಹಾಕಿದೆ. ಬಳ್ಳಿ ಇಳಿದು ಇಳಿದು ಸರಿಯಾಗಿ ಗುಂಡನ ಮೂಗಿನ ಮಟ್ಟಕ್ಕೆ ಬಂತು. ಆಮೇಲೆ ಲೋಳೆಸರ ತಂದರು. ‘ಇದು ಔಷಧಿ ಗಿಡ ಕಣೋ.’ ನಮಗೆ ಇರಬಹುದು, ನಾಯಿಗೆ ವಾಂತಿ, ಭೇದಿ. ಅದಾದ ಮೇಲೆ ಸ್ನೇಕ್ ಪ್ಲಾಂಟ್. ಅದೂ ನಾಯಿ ಹೊಟ್ಟೆಗೆ ಆಗುವುದಿಲ್ಲ ಎಂದೆ. ‘ಹೆಸರಲ್ಲೇ ಹಾವಿದೆ, ಹತ್ತಿರ ಹೋಗಲ್ಲ ಬಿಡು’ ಎಂದರು. ಗುಂಡನಿಗೆ ಓದಲು ಬರುವುದಿಲ್ಲ ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ.

ಕೊನೆಗೆ ಚೀಟಿ ಬರೆದುಕೊಟ್ಟೆ. ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್, ಅರೆಕಾ ಪಾಮ್, ಕ್ಯಾಲಥಿಯಾ. ಇವುಗಳಲ್ಲಿ ನಾಯಿಗೆ ವಿಷವಿಲ್ಲ. ಸಿಕ್ಕಾಪಟ್ಟೆ ಮೆಂದರೆ ಹೊಟ್ಟೆ ಕೆಡಬಹುದು, ಅಷ್ಟೇ. ಅತ್ತಿಗೆ ಖುಷಿಯಿಂದ ಆಸ್ಪರಾಗಸ್ ಫರ್ನ್ ಹಿಡಿದು ಬಂದರು. ಅದರ ಹಣ್ಣು ತಿಂದರೆ ನಾಯಿಗೆ ವಾಂತಿ! ‘ಫರ್ನ್ ಅಂತ ನೀನೇ ತಾನೆ ಬರ್ದಿದ್ದು’ ಎಂದು ನನ್ನ ಮೇಲೆಯೇ ಮುನಿಸು ಬೇರೆ.

ಗುಂಡನಿಗಿಂತ ಮೊದಲು ಇದ್ದ ನಾಯಿ ಒಂದು ಎಲೆಗೂ ಬಾಯಿ ಹಾಕಲಿಲ್ಲ. ಆಗ ನಮ್ಮ ಕಿಟಕಿ ತುಂಬ ಹಸಿರು. ಅದು ಹೋದ ಮೇಲೆ ಗಿಡಗಳಿಗೆ ನೀರು ಹಾಕಲೂ ಮನಸ್ಸಾಗುತ್ತಿರಲಿಲ್ಲ. ಎಷ್ಟೋ ಒಣಗಿಹೋದವು. ಉಳಿದವನ್ನು ಗುಂಡ ಬಂದಮೇಲೆ ನಾನೇ ಹಂಚಿಬಿಟ್ಟೆ. ಅತ್ತಿಗೆಗೂ ಒಂದಿಷ್ಟು ಕೊಟ್ಟಿದ್ದೆ. ಈಗ ಅವೇ ವಾಪಸ್ ಬರುತ್ತಿವೆಯೋ ಏನೋ, ಕೇಳಲು ಧೈರ್ಯ ಸಾಲದು.

ಇವತ್ತು ಬೆಳಿಗ್ಗೆ ಫೋನ್. “ಅರೆಕಾ ಸಿಗ್ಲಿಲ್ಲ ಕಣೋ. ಆದ್ರೆ ಇದೂ ಪಾಮೇ ಅಂತೆ. ಸಾಗೋ ಪಾಮ್.”

ಎದೆ ಧಸಕ್ಕೆಂದಿತು. ಅದರ ಎಲೆ, ಬೇರು, ಬೀಜ ಎಲ್ಲವೂ ವಿಷ. ಬೀಜ ಇನ್ನೂ ಜಾಸ್ತಿ. ನಾಯಿಯ ಲಿವರ್ ಕೆಟ್ಟು ಜೀವವೇ ಹೋಗಬಹುದು.

“ಅತ್ತಿಗೆ, ದಯವಿಟ್ಟು ತರಬೇಡಿ. ಅಲ್ಲೇ ಇಟ್ಕೊಳ್ಳಿ. ಅಣ್ಣನ ಕೈಗೆ ಮಾತ್ರ ಸಿಗಬಾರದು.”